ಹೈಸ್ಕೂಲ್ ಮಕ್ಕಳಿಗೆ ಮಾರ್ಗದರ್ಶಕರಾಗುವುದು ಹೇಗೆ? ವಾರಕ್ಕೆ ಒಂದು ತಾಸು, ಪೂರ್ತಿ ಒಂದು ವರ್ಷ

ಸೇಡಂ / ಚಿತ್ತಾಪುರ / ವಾಡಿ / ಶಹಾಬಾದ / ಚಿಂಚೋಳಿ: 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 62.34. ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯದ್ದು ಶೇ 91.12. ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಅಂದ್ರೆ ಪರೀಕ್ಷೆ ಬರೆದ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಆರು ಮಂದಿ ಮೊದಲ ಸಲಕ್ಕೆ ಪಾಸಾಗಲಿಲ್ಲ.

ಶಿಕ್ಷಕರ ನೇಮಕ, ಕೊಠಡಿ, ಬಸ್ಸು ಇವೆಲ್ಲ ಸರ್ಕಾರದ ಕೆಲಸ. ಅದನ್ನು ಊರಿನವರು ಮಾಡಲು ಆಗಲ್ಲ, ಮಾಡಬೇಕಾಗಿಯೂ ಇಲ್ಲ. ಆದ್ರೆ 'ಈ ವಾರ ಏನ್ ಓದಿದಿ?' ಅಂತ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪ್ರತಿವಾರ ತಪ್ಪದೆ ಕೇಳುವ ಒಬ್ಬ ದೊಡ್ಡವರು ಬೇಕು. ಈ ಕೆಲಸಕ್ಕೆ ಸಂಬಳ ಇಲ್ಲ, ಬಿ.ಎಡ್ ಬೇಕಿಲ್ಲ. ಇದರ ಹೆಸರು ಸ್ವಯಂಸೇವಾ ಮಾರ್ಗದರ್ಶನ. ಅದು ಏನು, ಎಲ್ಲಿ ಕೇಳಬೇಕು, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಟ್ಯೂಷನ್ ಅಲ್ಲ

ಟ್ಯೂಷನ್‌ನಲ್ಲಿ ಒಬ್ಬರು ಮೂವತ್ತು ಮಕ್ಕಳಿಗೆ ಪಾಠ ಹೇಳ್ತಾರೆ. ಮಾರ್ಗದರ್ಶಕರು ಒಂದು ಅಥವಾ ಎರಡು ಮಕ್ಕಳನ್ನು ಮಾತ್ರ ನೋಡ್ಕೋತಾರೆ. ಗಣಿತ ಬಂದರೆ ಒಳ್ಳೆಯದು, ಬರದಿದ್ದರೂ ನಡೆಯುತ್ತದೆ. ಮಗು ಶಾಲೆಗೆ ಹೋಗ್ತಿದೆಯಾ, ಯಾವ ವಿಷಯದಲ್ಲಿ ಹಿಂದಿದೆ, ಮನೆಯಲ್ಲಿ ಓದಲು ಜಾಗ ಇದೆಯಾ, ಯಾವ ಅರ್ಜಿಯ ಕೊನೆ ದಿನ ಯಾವಾಗ ಎಂದು ಗಮನದಲ್ಲಿಟ್ಟುಕೊಂಡು, ಬೇಕಾದಾಗ ಶಿಕ್ಷಕರಿಗೆ ಮುಟ್ಟಿಸುವುದು ಅವರ ಕೆಲಸ.

ಈ ಭಾಗದಲ್ಲಿ ಇದಕ್ಕೆ ಬೇರೆ ಕಾರಣವೂ ಇದೆ. ಅನೇಕ ಮನೆಗಳಲ್ಲಿ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮೊದಲ ಮಗು ಇದೇ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು, ಶಾಲೆಯಲ್ಲಿ ಕನ್ನಡ. ಚಿಂಚೋಳಿ ಕಡೆಯ ತಾಂಡಾಗಳಿಂದ ಅಪ್ಪ-ಅವ್ವ ದುಡಿಯಲು ಮುಂಬೈ, ಪುಣೆ, ಹೈದರಾಬಾದ್‌ಗೆ ಹೋದರೆ ಮಗು ಅಜ್ಜ-ಅಜ್ಜಿ ಹತ್ತಿರ ಉಳಿಯುತ್ತದೆ, ಇಲ್ಲಾಂದ್ರೆ ಅವರ ಜೊತೆ ಹೋಗಿ ಶಾಲೆ ತಪ್ಪಿಸಿಕೊಳ್ಳುತ್ತದೆ.

ಒಂದು ವರ್ಷ ಯಾಕೆ?

ಹೊರಗಿನ ಒಬ್ಬ ದೊಡ್ಡವರನ್ನು ಒಂದು ಮಗುವಿಗೆ ಜೋಡಿಸುವ ಪದ್ಧತಿ ಹಳೆಯದು. ಅಮೆರಿಕದ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆಯ ಮೂಲ 1904ರ ನ್ಯೂಯಾರ್ಕ್‌ನಲ್ಲಿದೆ. ಅದರ ಮಕ್ಕಳ ಬಗ್ಗೆ 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಗಾರರು ಸಿಕ್ಕ ಮಕ್ಕಳು ಶಾಲೆ ತಪ್ಪಿಸಿದ್ದು, ಮಾದಕ ವಸ್ತು ಮುಟ್ಟಿದ್ದು ಉಳಿದವರಿಗಿಂತ ಕಡಿಮೆ ಎಂದು ಕಂಡುಬಂತು.

ಅದೇ ಮಕ್ಕಳ ಮಾಹಿತಿಯನ್ನು 2002ರಲ್ಲಿ ಮತ್ತೆ ಪರಿಶೀಲಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಜೊತೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ನಡೆದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಬಿಟ್ಟುಹೋದ ಕಡೆ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಿತ್ತು.

ನಾಲ್ಕು ವಾರ ಬಂದು, ಫೋಟೊ ತೆಗೆಸಿಕೊಂಡು ಕಾಣದಂತಾದರೆ ಮಗು 'ಇವರೂ ಬಿಟ್ಟು ಹೋದ್ರು' ಅಂತ ಲೆಕ್ಕ ಹಾಕುತ್ತದೆ. ಒಂದು ವರ್ಷ ಆಗಲ್ಲ ಅನ್ನುವವರು ಬೇರೆ ರೀತಿ ಸಹಾಯ ಮಾಡಬಹುದು: ನೋಟ್‌ಬುಕ್ ಕೊಡಿಸಬಹುದು, ಓದಲು ಒಂದು ಕೋಣೆ ಬಿಟ್ಟುಕೊಡಬಹುದು. ಆದ್ರೆ ಮಗುವಿಗೆ 'ಬರ್ತೀನಿ' ಅಂತ ಮಾತು ಕೊಡಬಾರದು.

ಯಾರು ಆಗಬಹುದು?

ವಾಡಿ ಮತ್ತು ಶಹಾಬಾದದಲ್ಲಿ ರೈಲ್ವೆ, ಸಿಮೆಂಟ್, ಕಾರ್ಖಾನೆ ಕೆಲಸದಿಂದ ನಿವೃತ್ತರಾದವರಿದ್ದಾರೆ. ಸೇಡಂ, ಮಳಖೇಡ ಭಾಗದಲ್ಲಿ ಸಿಮೆಂಟ್ ಕಾರ್ಖಾನೆ ನೌಕರರಿದ್ದಾರೆ. ಶಿಫ್ಟ್ ಬದಲಾಗುವವರು ವಾರ ನಿಗದಿ ಮಾಡುವ ಮೊದಲು ಡ್ಯೂಟಿ ಚಾರ್ಟ್ ನೋಡಿಕೊಳ್ಳಬೇಕು. ಅಂಗಡಿಯವರಿಗೆ ಸಂತೆ ದಿನ ಬಿಟ್ಟು ಗಿರಾಕಿ ಕಡಿಮೆ ಇರುವ ಒಂದು ತಾಸು ಸಾಕು. ಉದ್ರಿ ಲೆಕ್ಕ, ಬಡ್ಡಿ, ಶೇಕಡಾ ಇವೆಲ್ಲ ಅವರಿಗೆ ಬಾಯಿಪಾಠ, ಮಗುವಿನ ಗಣಿತಕ್ಕೂ ಅದೇ ಬೇಕು. ಪದವಿ ಓದುತ್ತಿರುವವರು, ಗೃಹಿಣಿಯರು, ಬ್ಯಾಂಕ್-ಅಂಚೆ ನೌಕರರೂ ಆಗಬಹುದು. ಹೆಣ್ಣುಮಕ್ಕಳಿಗೆ ಮಹಿಳೆಯರೇ ಮಾರ್ಗದರ್ಶಕರಾದರೆ ಮನೆಯವರಿಗೂ ಧೈರ್ಯ.

ಎಲ್ಲಿ ಕೇಳಬೇಕು?

* ಮೊದಲು ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆಯ ಮುಖ್ಯಗುರುಗಳನ್ನು ಕಾಣಬೇಕು. ಅವರ ಒಪ್ಪಿಗೆ ಇಲ್ಲದೆ ಮಕ್ಕಳ ಜೊತೆ ನೇರವಾಗಿ ಶುರುಮಾಡಬಾರದು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಗಮನಕ್ಕೂ ತರಬೇಕು.
* ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳು ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿಯಲ್ಲಿವೆ. ವಾಡಿ ಚಿತ್ತಾಪುರ ತಾಲ್ಲೂಕಿಗೆ ಸೇರಿದೆ.
* ಕೇಂದ್ರ ಶಿಕ್ಷಣ ಸಚಿವಾಲಯದ 'ವಿದ್ಯಾಂಜಲಿ' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು. ಈಗಿನ ರೂಪದಲ್ಲಿ ಇದು 2021ರ ಸೆಪ್ಟೆಂಬರ್ 7ರಂದು ಶುರುವಾಯಿತು. ಶಾಲೆ ತನಗೆ ಏನು ಬೇಕು ಅಂತ ಹಾಕುತ್ತದೆ, ಸ್ವಯಂಸೇವಕರು ಒಪ್ಪಿಕೊಳ್ಳುತ್ತಾರೆ, ಕೊನೆಯ ತೀರ್ಮಾನ ಶಾಲೆಯದ್ದು.
* ಭೇಟಿಗೆ ಶಾಲೆಯ ಕೋಣೆ ಅಥವಾ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಸೂಕ್ತ.

ಆ ಒಂದು ತಾಸಿನಲ್ಲಿ ಏನು ಮಾಡಬೇಕು?

ಮೊದಲ ಹತ್ತು ನಿಮಿಷ ಮಾತು: ಈ ವಾರ ಎಷ್ಟು ದಿನ ಶಾಲೆಗೆ ಹೋದ್ರಿ, ಏನು ಗೊತ್ತಾಗಲಿಲ್ಲ? ಆಮೇಲೆ ಒಂದೇ ವಿಷಯದ ಒಂದೇ ಪಾಠ. ಮಗು ಗಟ್ಟಿಯಾಗಿ ಓದಲಿ, ತನ್ನ ಮಾತಿನಲ್ಲಿ ಹೇಳಲಿ. ಕನ್ನಡ ಓದಲು ತಡವರಿಸುವ ಮಗುವಿಗೆ ವಿಜ್ಞಾನವೂ ಗೊತ್ತಾಗಲ್ಲ, ಸಮಾಜವೂ ಗೊತ್ತಾಗಲ್ಲ. ಹಾಗಿದ್ದರೆ ಓದಿನಿಂದಲೇ ಶುರುಮಾಡಬೇಕು. ಕೊನೆಯಲ್ಲಿ ಮುಂದಿನ ವಾರದ ಕೆಲಸ ಒಂದು ಸಾಲಿನಲ್ಲಿ ನೋಟ್‌ಬುಕ್‌ನಲ್ಲಿ ಬರೆಯಬೇಕು.

ಅಂಕಗಳ ಲೆಕ್ಕವೂ ಗೊತ್ತಿರಲಿ. ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇದರಲ್ಲಿ 125 ಅಂಕ ಆಂತರಿಕ ಮೌಲ್ಯಮಾಪನದ್ದು. ವರ್ಷವಿಡೀ ಶಾಲೆಗೆ ಬರುವ, ಪ್ರಾಜೆಕ್ಟ್ ಬರೆದುಕೊಡುವ ಮಗುವಿಗೆ ಇದು ಆಧಾರ.

ಎಂಟನೇ ತರಗತಿ ಮಗುವಾದರೆ ಎನ್‌ಎಂಎಂಎಸ್ ಪರೀಕ್ಷೆ ಮರೆಯಬಾರದು. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ, ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಗು ಇದರಲ್ಲಿ ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳುವಂತೆ ಮನೆಯವರಿಗೆ ನೆನಪಿಸುವುದು ಮಾರ್ಗದರ್ಶಕರ ಕೆಲಸ.

ಸುರಕ್ಷತೆ: ಇದರಲ್ಲಿ ರಾಜಿ ಇಲ್ಲ

2021ರಲ್ಲಿ ದೆಹಲಿ ಸರ್ಕಾರ 9ರಿಂದ 12ನೇ ತರಗತಿ ಮಕ್ಕಳಿಗೆ ಫೋನ್ ಮೂಲಕ ಮಾರ್ಗದರ್ಶನ ಕೊಡಿಸುವ 'ದೇಶ್ ಕೆ ಮೆಂಟರ್' ಯೋಜನೆ ತಂದಾಗ, ಅಪರಿಚಿತರ ಕೈಗೆ ಮಕ್ಕಳನ್ನು ಒಪ್ಪಿಸಿದಂತಾಗುತ್ತದೆ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪ ಎತ್ತಿತ್ತು. ಆ ಪ್ರಶ್ನೆ ಊರಿಗೂ ಅನ್ವಯಿಸುತ್ತದೆ.

* ಭೇಟಿ ನಾಲ್ಕು ಜನ ಕಾಣುವ ಜಾಗದಲ್ಲೇ ಆಗಬೇಕು. ಮನೆಯಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ, ವಾಹನದಲ್ಲಿ ಬೇಡ.
* ಮನೆಯವರು ಮತ್ತು ಶಾಲೆ, ಇಬ್ಬರ ಒಪ್ಪಿಗೆಯೂ ಬೇಕು. ರಾತ್ರಿ ಫೋನ್, ಖಾಸಗಿ ಮೆಸೇಜ್, ಮಗುವಿನ ಫೋಟೊ ಸ್ಟೇಟಸ್‌ಗೆ ಹಾಕುವುದು ಬೇಡ.
* ದುಡ್ಡು ಕೊಡುವುದು, ಸಾಲ ಕೊಡುವುದು, ಅಂಗಡಿ ಕೆಲಸ ಹೇಳುವುದು ಬೇಡ. 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 14ರಿಂದ 18ರವರನ್ನು ಗಣಿ ಸೇರಿದಂತೆ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ.
* ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೋಕ್ಸೊ ಕಾಯ್ದೆ (2012) ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಬಾಲ್ಯವಿವಾಹ, ಹೊಡೆತ, ದುಡಿಮೆ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098. 'ಯಾರಿಗೂ ಹೇಳಲ್ಲ' ಅಂತ ಮಗುವಿಗೆ ಮಾತು ಕೊಡಬಾರದು.

ಫಲಿತಾಂಶ ಬಂದ ದಿನ

ಮಾರ್ಗದರ್ಶಕರು ಎಲ್ಲಕ್ಕಿಂತ ಹೆಚ್ಚು ಬೇಕಾಗುವ ದಿನ ಇದೇ. ಪಾಸಾದವರ ಮನೆಗೆ ಪೇಡೆ ತಗೊಂಡು ಹೋಗುವವರು ಬಹಳ. ಫೇಲಾದ ಮನೆಯಲ್ಲಿ ಕೇಳುವ ಮಾತು ಒಂದೇ: 'ಇನ್ನ ಸಾಲಿ ಸಾಕು.' ಹುಡುಗ ಕಲ್ಲಿನ ಖಣಿಗೋ, ಹೈದರಾಬಾದ್ ಕಟ್ಟಡ ಕೆಲಸಕ್ಕೋ ಹೊರಡುತ್ತಾನೆ. ಹುಡುಗಿಗೆ ವರ ನೋಡಲು ಶುರು.

ಆದ್ರೆ ಈಗ ಒಂದು ಸಲ ಫೇಲಾದರೆ ವರ್ಷ ಹಾಳಾಗಲ್ಲ. 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದವು. 2025ರಲ್ಲಿ ಮೇ 2ಕ್ಕೆ ಫಲಿತಾಂಶ ಬಂತು, ಮೇ 26ಕ್ಕೆ ಪರೀಕ್ಷೆ-2 ಶುರುವಾಯಿತು. ನಡುವೆ ಸಿಕ್ಕಿದ್ದು ಮೂರು ವಾರ ಚಿಲ್ಲರೆ. ಮುಂದಿನ ಪರೀಕ್ಷೆಯ ನೋಂದಣಿ ಶಾಲೆಯ ಮೂಲಕ ಆಗುವುದರಿಂದ, ಮಗುವನ್ನು ಕರೆದುಕೊಂಡು ಮುಖ್ಯಗುರುಗಳ ಹತ್ತಿರ ಹೋಗುವವರು ಒಬ್ಬರು ಬೇಕು. ದುಡಿಯಲು ಹೋದ ತಂದೆಗೆ ಫೋನ್ ಹಚ್ಚಿ 'ಇನ್ನೊಂದು ಸಲ ಬರೀಲಿ, ಬಿಡ್ರಿ' ಅನ್ನುವವರೂ ಬೇಕು. ವರ್ಷವಿಡೀ ಬಂದವರ ಈ ಮಾತಿಗೆ ಬೆಲೆ ಇರುತ್ತದೆ. ಮಗು ತೀರಾ ಕುಗ್ಗಿದ್ದರೆ ಒಂಟಿಯಾಗಿ ಬಿಡಬಾರದು. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪಾಸಾದ ಮಗುವಿನ ಜೊತೆ ಪಿಯುಸಿ, ಡಿಪ್ಲೊಮಾ, ಐಟಿಐ ಮೂರರ ಲೆಕ್ಕವನ್ನೂ ಕೂತು ಹಾಕಬೇಕು. ಎಲ್ಲಿ ಬಸ್ಸಿದೆ, ಹಾಸ್ಟೆಲ್ ಇದೆ, ಫೀ ಎಷ್ಟು ಅನ್ನುವುದು ಸೇರುವ ಮುಂಚೆಯೇ ಗೊತ್ತಾಗಲಿ.

ಶುರು ಯಾವಾಗ?

ಜೂನ್ ಒಳ್ಳೆಯದು. ಶಾಲೆ ಆಗಷ್ಟೇ ತೆರೆದಿರುತ್ತದೆ, ಒಂಬತ್ತು ತಿಂಗಳು ಕೈಯಲ್ಲಿರುತ್ತವೆ. ಹತ್ತನೇ ತರಗತಿಗೆ ಜನವರಿಯಲ್ಲಿ ಬಂದು ಕೂತರೆ ಮಗುವಿಗೆ ಪರೀಕ್ಷೆ ಭಯ ಮಾತ್ರ ಹೆಚ್ಚುತ್ತದೆ. ತಡವಾಗಿ ಮನಸ್ಸು ಮಾಡಿದವರು ಒಂಬತ್ತನೇ ತರಗತಿ ಮಗುವನ್ನು ತೆಗೆದುಕೊಂಡರೆ ಒಂದು ವರ್ಷದ ಮೇಲೆ ಸಮಯ ಸಿಗುತ್ತದೆ. ಒಂದು ಮಗು, ಒಂದು ವಾರ, ಒಂದು ತಾಸು: ಅಷ್ಟರಿಂದ ಶುರುಮಾಡಿದರೆ ಸಾಕು, ನಡುವೆ ಬಿಡಬಾರದು.