ಕೊಳದ ಸುತ್ತಿನ ಕಿರುಗುಡಿಗಳು

ಹಳೇಬೀಡನ್ನು ನೋಡಿ ಬಂದವರಲ್ಲಿ ಹುಲಿಕೆರೆಯ ಹೆಸರನ್ನು ಕೇಳಿದವರು ಕಡಿಮೆ. ಹೊಯ್ಸಳೇಶ್ವರನ ಗುಡಿಯಿಂದ ಅನತಿದೂರದ ಈ ಸಣ್ಣ ಗ್ರಾಮದಲ್ಲಿ ಹೊಯ್ಸಳರ ಕಾಲದ, ೧೨ನೆಯ ಶತಮಾನದ್ದೆಂದು ಎಣಿಸಲಾದ, ಒಂದು ಕಲ್ಯಾಣಿ ಇದೆ. ನೆಲದ ಮಟ್ಟದಿಂದ ಹಂತಹಂತವಾಗಿ ಇಳಿಯುವ ಕಲ್ಲಿನ ಪಾವಟಿಗೆಗಳು, ನಡುವೆ ನೀರು. ಪಾವಟಿಗೆಗಳ ನಡುವೆ ಕೊಳವನ್ನು ಸುತ್ತುವರಿದು ನಿಂತ ಕಿರುಗುಡಿಗಳು. ಈ ಗುಡಿಗಳು ೨೭. ೨೭ ನಕ್ಷತ್ರಗಳಿಗೆ ಒಂದೊಂದರಂತೆ ಕಟ್ಟಿದವು. ಅವುಗಳಲ್ಲಿ ಗೋಪುರವುಳ್ಳವು ೧೨, ಅವು ರಾಶಿಗಳು — ಹೀಗೆಂದು ಜನ ಹೇಳುತ್ತಾರೆ. ಎಣಿಕೆಯನ್ನು ಆಕಾಶಕ್ಕೆ ಹೊಂದಿಸುವುದು ನಮ್ಮ ಜನಕ್ಕೆ ಬಹು ಪ್ರಿಯವಾದ ಕೆಲಸ. ಅದನ್ನು ಅಲ್ಲಿಗೇ ಬಿಡೋಣ. ನಾನು ಇಂದು ತಮ್ಮ ಗಮನಕ್ಕೆ ತರಬಯಸುವುದು ಅವುಗಳ ಸಂಖ್ಯೆಯನ್ನಲ್ಲ, ಅವುಗಳ ಗಾತ್ರವನ್ನು.

ಇವುಗಳೊಳಗೆ ಮನುಷ್ಯನು ಹೊಕ್ಕು ಕೈಮುಗಿಯುವಂತಿಲ್ಲ. ಒಂದು ವಿಗ್ರಹ ಕುಳಿತರೆ ಜಾಗ ಮುಗಿಯಿತು. ಆದರೂ ಗುಡಿಗೆ ಇರಬೇಕಾದ ಅಂಗಗಳನ್ನೆಲ್ಲ ಶಿಲ್ಪಿ ಬಿಡದೆ ಕಡೆದಿದ್ದಾನೆ. ದೊಡ್ಡದನ್ನು ಅದರ ಪ್ರಮಾಣ ಕೆಡದಂತೆ ಚಿಕ್ಕದಾಗಿಸುವ ಕಲೆ ಇದು. ನಮ್ಮ ಪ್ರವಾಸದ ಕೈಪಿಡಿಗಳು ಇಂಥವನ್ನು ‘ಅಲಂಕಾರ’ ಎಂಬ ಒಂದೇ ಮಾತಿನಲ್ಲಿ ತೀರಿಸಿಬಿಡುತ್ತವೆ. ಆ ಮಾತು ಸಾಲದು ಎಂದು ನನ್ನ ಅಭಿಪ್ರಾಯ. ಇವು ಮಾದರಿಗಳು, ಎಷ್ಟೋ ಸಲ, ಮೂಲವು ಅಳಿದ ಮೇಲೂ ಉಳಿದ ಮಾದರಿಗಳು.

ದ್ರಾವಿಡ ಕ್ರಮದ ಒಂದು ವಿಮಾನವನ್ನು ದೃಷ್ಟಿಯಿಟ್ಟು ನೋಡಿ. ಅದರ ಪ್ರತಿಯೊಂದು ಅಂತಸ್ತಿನಲ್ಲಿಯೂ ಪುಟ್ಟ ಗುಡಿಗಳ ಸಾಲು: ಮೂಲೆಯಲ್ಲಿ ಚೌಕನಾದ ಕೂಟ, ನಡುವೆ ಉದ್ದನೆಯ ಶಾಲೆ, ಸಂದಿನಲ್ಲಿ ಪಂಜರ. ದೊಡ್ಡ ಗುಡಿಯೆಂಬುದು ಚಿಕ್ಕ ಗುಡಿಗಳನ್ನು ಒಂದರ ಮೇಲೊಂದು ಪೇರಿಸಿದ ರಾಶಿ. ಹೊಯ್ಸಳ ಶಿಲ್ಪಿಗಳು ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದು, ಗೋಡೆಯ ಅರೆಗಂಬಗಳ ನೆತ್ತಿಯ ಮೇಲೂ ಕಿರುಶಿಖರಗಳನ್ನಿಟ್ಟರು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು ಗಾಳಿಗೆ ಮೈಯೊಡ್ಡಿದಂತೆ ಗಡುಸಾಗುವುದರಿಂದ, ಬೆರಳುಗಾತ್ರದ ಕಳಶವನ್ನೂ ಅದರಲ್ಲಿ ಬಿಡಿಸಬಹುದಾಗಿತ್ತು.

ಈ ಮಾದರಿಗಳ ಬೆಲೆ ನಮಗೆ ನಿಜವಾಗಿ ತಿಳಿಯುವುದು ಬೇಲೂರಿನಲ್ಲಿ. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಗೆ ಈಗ ಶಿಖರವಿಲ್ಲ. ಅದರ ಮೇಲೆ ಇಟ್ಟಿಗೆ ಗಾರೆಗಳಿಂದ ಕಟ್ಟಿ, ಮರದ ಆಸರೆ ಕೊಟ್ಟು, ಚಿನ್ನದ ಮುಲಾಮಿನ ತಾಮ್ರದ ತಗಡು ಹೊದಿಸಿದ ಗೋಪುರವೊಂದಿತ್ತು. ಅದರ ಭಾರದಿಂದ ಒಳಗಿನ ಗರ್ಭಗುಡಿಗೆ ಅಪಾಯವಾದೀತೆಂದು ೧೮೭೯ರಲ್ಲಿ ಅದನ್ನು ಇಳಿಸಿಬಿಟ್ಟರು. ಮೂಲದಲ್ಲಿ ಆ ಶಿಲ್ಪಿಗಳ ಮನಸ್ಸಿನಲ್ಲಿದ್ದ ಶಿಖರ ಯಾವ ಬಗೆಯದು? ಉತ್ತರಕ್ಕಾಗಿ ವಿದ್ವಾಂಸರು ಮೇಲೆ ನೋಡಲಿಲ್ಲ, ಬಾಗಿಲಿನ ಪಕ್ಕಕ್ಕೆ ನೋಡಿದರು. ಪ್ರವೇಶದ ಮೆಟ್ಟಿಲುಗಳ ಎಡಬಲಗಳಲ್ಲಿ ಕಿರುಗುಡಿಗಳಿವೆ. ಅವುಗಳ ಶಿಖರಗಳು ಇಂದಿಗೂ ನೆಟ್ಟಗಿವೆ. ಅವು ‘ಭೂಮಿಜ’ ಎಂಬ ಬಗೆಯವು. ಶಿಖರದ ಮೈಯ ನಡುವೆ ಒಂದು ಪಟ್ಟಿ ಬುಡದಿಂದ ತುದಿಯವರೆಗೆ ಏರುತ್ತದೆ. ಪಟ್ಟಿಗಳ ನಡುವಣ ತೆರಪಿನಲ್ಲಿ ಸಣ್ಣ ಕಂಬಗಳ ಮೇಲಿರಿಸಿದ ಸಣ್ಣ ಶಿಖರಗಳು ಅಡ್ಡಸಾಲಾಗಿ ನಿಂತು, ಮೇಲೆ ಹೋದಂತೆ ಕಿರಿದಾಗುತ್ತವೆ. ಮಾದರಿಯೊಳಗೆ ಮತ್ತೆ ಮಾದರಿ! ಕೇಶವನ ಗುಡಿಗೂ ಇಂಥದೇ ಶಿಖರವನ್ನು ಉದ್ದೇಶಿಸಿದ್ದಿರಬೇಕೆಂಬ ಊಹೆ ಹುಟ್ಟಿದ್ದು ಇಲ್ಲಿಂದ.

ಭೂಮಿಜವು ಕನ್ನಡ ನಾಡಿನದಲ್ಲ, ಮಾಳವದ್ದು. ಪರಮಾರ ಉದಯಾದಿತ್ಯನು ೧೧ನೆಯ ಶತಮಾನದಲ್ಲಿ ಕಟ್ಟಿಸಿದ, ಈಗ ಮಧ್ಯಪ್ರದೇಶಕ್ಕೆ ಸೇರಿದ, ಉದಯಪುರದ ಉದಯೇಶ್ವರ ದೇವಾಲಯ ಅದರ ಶ್ರೇಷ್ಠ ಉದಾಹರಣೆ. ಅಷ್ಟು ದೂರದ ಕಟ್ಟಡಕ್ರಮ ಬೇಲೂರಿನ ಬಾಗಿಲಿಗೆ ಬಂದದ್ದು ಹೇಗೆ? ಬೇಲೂರಿನ ಶಿಲ್ಪಿಗಳಲ್ಲಿ ಹೆಸರಾದ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವೆಯವರು. ಆ ಬನವಾಸಿ ಸೀಮೆಯ ಶಿಲ್ಪಿಗಳಿಗೆ ಪರದೇಶದ ಗುಡಿಗಳ ತಿಳಿವಳಿಕೆ ಪರೋಕ್ಷವಾದರೂ ಇತ್ತು. ಕುಪ್ಪಟೂರಿನ ಶಾಸನವೊಂದು ದ್ರಾವಿಡ, ಭೂಮಿಜ, ನಾಗರಗಳಿಂದ ಅಲಂಕೃತವಾದ ಗುಡಿಯನ್ನು ಹೊಗಳುತ್ತದೆ. ಹೊಳಲಿನ ಶಾಸನವೊಂದು ನಾಗರ, ಕಾಳಿಂಗ, ದ್ರಾವಿಡ, ವೇಸರಗಳೆಂದು ನಾಲ್ಕು ಬಗೆಗಳನ್ನೇ ಹೆಸರಿಸುತ್ತದೆ. ಎಂ. ಎ. ಢಾಕೆಯವರು ೧೯೭೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಶಾಸನಗಳ ಇಂಥ ಮಾತುಗಳನ್ನೂ ನಮ್ಮ ಗುಡಿಗಳ ಗೋಡೆಯ ಮೇಲಿನ ಕಿರುಶಿಖರಗಳನ್ನೂ ಮುಖಾಮುಖಿ ನಿಲ್ಲಿಸಿದರು. ಶಾಸನಕಾರ ಹೆಸರು ಹೇಳಿದ, ಶಿಲ್ಪಿ ರೂಪ ತೋರಿಸಿದ. ಹೆಸರಿಗೆ ರೂಪ ಕೂಡಿಕೊಂಡದ್ದು ಆ ಕಿರುಶಿಖರಗಳಿಂದ. ಅವನ್ನು ಬರಿಯ ಅಲಂಕಾರವೆಂದು ಬದಿಗೆ ಸರಿಸಿದ್ದರೆ ಶಾಸನದ ಪದಗಳು ಬರಿಯ ಪದಗಳಾಗಿಯೇ ಉಳಿಯುತ್ತಿದ್ದುವು.

ಕಟ್ಟಡದ ಮಾದರಿ ಎಂದೊಡನೆ ಇತಿಹಾಸ ಓದಿದವರಿಗೆ ಫ್ಲಾರೆನ್ಸ್ ನಗರ ನೆನಪಾಗುತ್ತದೆ. ಅಲ್ಲಿಯ ಮಹಾಮಂದಿರದ ಗುಮ್ಮಟಕ್ಕಾಗಿ ೧೪೧೮ರಲ್ಲಿ ಸ್ಪರ್ಧೆ ಏರ್ಪಟ್ಟಾಗ ಬ್ರುನೆಲೆಸ್ಕಿ ತನ್ನ ಉಪಾಯವನ್ನು ಮಾದರಿಯಲ್ಲಿ ಕಟ್ಟಿ ತೋರಿಸಿದ. ಆ ಮಾದರಿ ಕಟ್ಟಡಕ್ಕಿಂತ ಮುಂಚಿನದು; ಭಾರವನ್ನು ಹೊರುವ ಬಗೆಯನ್ನು ನಂಬಿಸಲು ಮಾಡಿದ್ದು. ನಮ್ಮ ಶಿಲ್ಪಿಯದು ಕಟ್ಟಡದ ಮೈಯಲ್ಲಿಯೇ ಶಾಶ್ವತವಾಗಿ ನಿಂತದ್ದು. ಅದು ಆಕಾರವನ್ನು ಹೇಳುತ್ತದೆ, ಭಾರದ ವಿಷಯದಲ್ಲಿ ಮೌನವಾಗಿರುತ್ತದೆ. ಈ ಮೌನವನ್ನು ನಾವು ಮರೆಯಬಾರದು. ಕಿರುಗುಡಿಗಳನ್ನು ಅಳೆದು ಬೇಲೂರಿಗೆ ಹೊಸ ಶಿಖರವನ್ನು ಏರಿಸಬಾರದೇಕೆ ಎಂದು ಉತ್ಸಾಹಿಗಳು ಕೇಳಬಹುದು. ಏರಿಸಬಾರದು. ಹಳೆಯ ಗೋಪುರವನ್ನು ಇಳಿಸಬೇಕಾಗಿ ಬಂದದ್ದು ಆಕಾರದ ದೋಷದಿಂದಲ್ಲ, ಹೊರೆಯ ದೆಸೆಯಿಂದ. ಮೂಲಕ್ಕೂ ಮಾದರಿಗೂ ಇರುವ ಹೊಂದಿಕೆಯನ್ನು ನೋಡುವ ಹಂಬಲವಿದ್ದವರಿಗೆ, ೧೩ನೆಯ ಶತಮಾನದ ಸೋಮನಾಥಪುರದಲ್ಲಿ ಮೂರು ಶಿಖರಗಳೂ ಉಳಿದಿವೆ. ಅಲ್ಲಿ ಗೋಡೆಯ ಮೇಲಿನ ಚಿಕ್ಕದನ್ನೂ ಆಕಾಶದಲ್ಲಿನ ದೊಡ್ಡದನ್ನೂ ಒಟ್ಟಿಗೆ ನೋಡಬಹುದು.

ಇನ್ನು ಬಣ್ಣದ ಮಾತು. ನಮ್ಮ ಪಟ್ಟಣಗಳಲ್ಲಿ ಈಗ ವಿಮಾನ, ಹಡಗು, ರೈಲುಗಳ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ ಬಣ್ಣ ಹಾಕುವ ಹವ್ಯಾಸಿಗಳಿದ್ದಾರೆ. ಅವರು ಬಳಸುವ ಏರ್‌ಬ್ರಷ್ ಎಂಬುದು ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಎರಚುವ, ಲೇಖನಿಯಂಥ ಸಾಧನ. ಅದರ ಮೂತಿಯ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನು ಮೀರದು. ಬಣ್ಣ ಒಣಗಿ ಅಲ್ಲಿ ಕಟ್ಟಿಕೊಂಡರೆ ಮರುಸಲ ಮಂಜಿಗೆ ಬದಲು ಹನಿ ಉಗುಳುತ್ತದೆ. ಆದ್ದರಿಂದ ಬಣ್ಣ ಬದಲಿಸಿದಾಗಲೆಲ್ಲ ತೊಳೆಯುತ್ತಾರೆ, ಕೆಲಸ ಮುಗಿದ ಮೇಲೆ ಒಳಗಿನ ಸೂಜಿಯನ್ನು ಎಳೆದು ಒರಸಿಡುತ್ತಾರೆ. ಬಣ್ಣ ಬಳಿಯುವ ಹೊತ್ತಿಗಿಂತ ತೊಳೆಯುವ ಹೊತ್ತೇ ಹೆಚ್ಚೆಂದು ಅವರ ಮನೆಯವರು ನಗಬಹುದು. ಆದರೆ ಕಾರಣ ಗಂಭೀರವಾದದ್ದು. ೭೨ ಅಡಿಯ ವಿಮಾನವನ್ನು ಒಂದು ಅಡಿಗೆ ಇಳಿಸಿದಾಗ ರೆಕ್ಕೆ ಕುಗ್ಗುತ್ತದೆ, ಕಿಟಕಿ ಕುಗ್ಗುತ್ತದೆ, ತಗಡಿನ ಜೋಡಣೆಯ ಗೆರೆ ಕೂದಲಷ್ಟಾಗುತ್ತದೆ. ಬಣ್ಣದ ಪದರ ಮಾತ್ರ ತಾನಾಗಿ ಕುಗ್ಗುವುದಿಲ್ಲ. ದಪ್ಪನಾದ ಒಂದು ಕೈ ಬಳಿದರೆ ಗೆರೆ ಮುಚ್ಚಿಹೋಯಿತು.

ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಈ ತೊಡಕನ್ನು ಬೇರೆ ರೀತಿಯಲ್ಲಿ ಗೆದ್ದರು. ಮರದ ಬೊಂಬೆಯ ಮೇಲೆ ಅವರು ಲೇಪನವನ್ನು ಹಚ್ಚಿ, ಆ ಲೇಪನದಿಂದಲೇ ಒಡವೆ ವಸ್ತ್ರಗಳ ಉಬ್ಬನ್ನು ಮೂಡಿಸಿ, ಆಮೇಲೆ ಬಣ್ಣ ತುಂಬುತ್ತಾರೆ. ಅಲ್ಲಿ ಪದರವು ವಿವರವನ್ನು ಮುಚ್ಚುವುದಿಲ್ಲ, ಹುಟ್ಟಿಸುತ್ತದೆ. ಹೊಯ್ಸಳರ ಕಾಲದ ಕುಂಚವನ್ನು ನೋಡಬೇಕೆಂದರೆ ಮೂಡಬಿದಿರೆಯ ಧವಳಾ ಗ್ರಂಥಗಳ ತಾಳೆಯೋಲೆಯ ಚಿತ್ರಗಳಿಗೆ ಹೋಗಬೇಕು. ಒಂದು ಗರಿಯ ಅಗಲದೊಳಗೆ ಆ ಚಿತ್ರಕಾರ ಇಡೀ ಪರಿವಾರವನ್ನು ಕೂಡಿಸಿದ್ದಾನೆ.

ಕಲ್ಲಿನ ಕಿರುಗುಡಿಗಾದರೋ ಲೇಪನವೇ ಶತ್ರು. ಎತ್ತರದ ಶಿಖರಕ್ಕೆ ಭಕ್ತಿಯಿಂದ ಬಳಿದ ಒಂದು ಕೈ ಸುಣ್ಣ ಅದರ ಅಂತಸ್ತುಗಳನ್ನು ಅಳಿಸಲಾರದು. ಅದೇ ಸುಣ್ಣ ಮೊಳದಷ್ಟಿರುವ ಶಿಖರದಲ್ಲಿ ಒಂದು ಸಾಲು ಕೂಟಗಳನ್ನೇ ನುಂಗಬಹುದು. ಬಿರುಕಿಗೆ ಮೆತ್ತಿದ ಸಿಮೆಂಟೂ ಹಾಗೆಯೇ. ಕೊಳದಂಚಿನಲ್ಲಿ ಇವುಗಳ ಜೊತೆಗೆ ಪಾಚಿ, ಹೂಳು, ಸಂದಿಯಲ್ಲಿ ಬೇರೂರುವ ಗಿಡ. ಹುಲಿಕೆರೆಯ ಕಲ್ಯಾಣಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳಲ್ಲಿ ಸೇರಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು ೨೦೨೩ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಏರಿದುವು. ಆ ಪಟ್ಟಿಯಲ್ಲಿ ಹುಲಿಕೆರೆ ಇಲ್ಲ.

ಹೊಯ್ಸಳೇಶ್ವರದ ಮಾತನ್ನು ಹೇಳದೆ ಬಿಡುವಂತಿಲ್ಲ. ಆ ಜೋಡಿಗುಡಿಯ ಗೋಡೆಗಳನ್ನು ಹೊಗಳದವರಿಲ್ಲ. ಆದರೆ ಜಗತಿಯಿಂದ ತುಸು ಹಿಂದೆ ಸರಿದು ತಲೆಯೆತ್ತಿದರೆ ಗರ್ಭಗುಡಿಗಳ ಮೇಲೆ ಶಿಖರವಿಲ್ಲ, ಬಯಲು ಆಕಾಶ. ತಲೆ ತಗ್ಗಿಸಿ ಮೆಟ್ಟಿಲುಗಳ ಪಕ್ಕಕ್ಕೆ ನೋಡಿ: ಅಲ್ಲಿ ಬಾಗಿಲುಗಳ ಎಡಬಲದ ಕಿರುಗುಡಿಗಳು ತಮ್ಮ ತಮ್ಮ ಶಿಖರಗಳನ್ನು ಹೊತ್ತು ನಿಂತಿವೆ. ಮಾರ್ಗದರ್ಶಕರ ಹಿಂದೆ ಧಾವಿಸುವ ಜನ ಅವುಗಳ ನಡುವೆಯೇ ಹಾದು ಒಳಗೆ ಹೋಗುತ್ತಾರೆ.