ಬಿಸಿಲಿಗೆ ಸೋತ ರಿಮೋಟ್

📺 ಭಾಗ 1/4

ರಿಮೋಟ್ ಇಲ್ಲದ ಕಾಲದಲ್ಲಿ ಮನೆಯ ಕಿರಿಮಗನೇ ರಿಮೋಟ್ ಅಂತ ನಮ್ಮಪ್ಪ ಈಗ್ಲೂ ಹೇಳ್ತಿರ್ತಾರೆ. "ಲೋ, ಸೌಂಡ್ ಕಮ್ಮಿ ಮಾಡೋ" ಅಂದ್ರೆ ಎದ್ದು ಹೋಗ್ಬೇಕಿತ್ತು. ಕಳೆದ ತಿಂಗಳು ಒಂದು ಆರ್ಡುಯಿನೊ ಬೋರ್ಡಿಗೆ ಮೂರು ಕಾಲಿನ ಪುಟ್ಟ ರಿಸೀವರ್ ಜೋಡಿಸಿ, ರಿಮೋಟ್ ಏನು ಹೇಳುತ್ತೆ ಅಂತ ಓದೋಕೆ ಕೂತೆ. ಅಲ್ಲಿಂದ ಶುರುವಾದ ಹುಡುಕಾಟ 1955ರ ಅಮೆರಿಕಾಗೆ ಹೋಗಿ ನಿಲ್ತು.

ಶಿಕಾಗೋದ ಝೆನಿತ್ ಕಂಪನಿ 1950ರಲ್ಲೇ ಒಂದು ರಿಮೋಟ್ ಮಾಡಿತ್ತು. ಹೆಸರು 'ಲೇಝಿ ಬೋನ್ಸ್', ಅಂದ್ರೆ ಸೋಮಾರಿ! ಆದ್ರೆ ಅದಕ್ಕೆ ಉದ್ದನೆ ವೈರ್ ಇತ್ತು, ಜನ ಎಡವಿ ಬೀಳ್ತಿದ್ರು. ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್‌ಗೆ ಜಾಹೀರಾತು ಕಂಡ್ರೆ ಆಗ್ತಿರ್ಲಿಲ್ಲ. ಕೂತಲ್ಲೇ ಅದರ ಬಾಯಿ ಮುಚ್ಚಿಸೋ ಸಾಧನ ಬೇಕಿತ್ತು.

ಅದನ್ನ ಕೊಟ್ಟವರು ಯೂಜೀನ್ ಪಾಲಿ. 1935ರಲ್ಲಿ ಅದೇ ಕಂಪನಿಯ ಸ್ಟಾಕ್ ರೂಮಿನಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದವರು. 1955ರಲ್ಲಿ ಅವರು ಮಾಡಿದ್ದು 'ಫ್ಲ್ಯಾಶ್‌ಮ್ಯಾಟಿಕ್': ಪಿಸ್ತೂಲಿನ ಆಕಾರದ ಒಂದು ಟಾರ್ಚ್. ಸ್ಕ್ರೀನಿನ ನಾಲ್ಕು ಮೂಲೆಯಲ್ಲಿ ನಾಲ್ಕು ಫೋಟೋಸೆಲ್. ಯಾವ ಮೂಲೆಗೆ ಬೆಳಕು ಬಿಡ್ತೀರೋ ಆ ಕೆಲಸ ಆಗುತ್ತೆ. ವೈರ್ ಇಲ್ಲದ ಮೊದಲ ಟಿವಿ ರಿಮೋಟ್ ಇದೇ.

ಒಂದೇ ತೊಂದರೆ. ಕಿಟಕಿಯಿಂದ ಬಿಸಿಲು ಬಿದ್ರೂ ಚಾನೆಲ್ ತಾನಾಗೇ ಬದಲಾಗ್ತಿತ್ತು 😅 ಫೋಟೋಸೆಲ್‌ಗೆ ಬೆಳಕು ಬಂತು ಅನ್ನೋದಷ್ಟೇ ಗೊತ್ತು. ಟಾರ್ಚೋ ಸೂರ್ಯನೋ, ಅದಕ್ಕೇನು ಗೊತ್ತು?

🔔 ಭಾಗ 2/4

ಮರುವರ್ಷವೇ ಕಂಪನಿ ಬೆಳಕನ್ನ ಕೈಬಿಟ್ಟು ಶಬ್ದದ ಹಿಂದೆ ಹೋಯ್ತು. ವಿಯೆನ್ನಾದಲ್ಲಿ ಹುಟ್ಟಿದ ವಿಜ್ಞಾನಿ ರಾಬರ್ಟ್ ಆಡ್ಲರ್ 1956ರಲ್ಲಿ 'ಸ್ಪೇಸ್ ಕಮಾಂಡ್' ತಂದ್ರು. ಒಳಗೆ ನಾಲ್ಕು ಅಲ್ಯೂಮಿನಿಯಂ ಸರಳು. ಬಟನ್ ಒತ್ತಿದ್ರೆ ಸಣ್ಣ ಸುತ್ತಿಗೆ ಬಡಿಯುತ್ತೆ, ನಮ್ಮ ಕಿವಿಗೆ ಕೇಳಿಸದಷ್ಟು ಕೀಚಲು ಶಬ್ದ ಹೊರಡುತ್ತೆ. ಬ್ಯಾಟರಿಯೇ ಬೇಡ!

ಟಿವಿ ಬೆಲೆ ಸುಮಾರು 30% ಏರಿದ್ರೂ ಈ ವಿಧಾನ ಸುಮಾರು 25 ವರ್ಷ ಆಳಿತು. ಆದ್ರೆ ಇಲ್ಲೂ ಅದೇ ಕಥೆ, ಚಿಲ್ಲರೆ ಕಾಸು ಝಣ್ ಅಂದ್ರೂ ಕೆಲವೊಮ್ಮೆ ಟಿವಿ ಮೋಸ ಹೋಗ್ತಿತ್ತು. ಜೊತೆಗೆ ಒಂದು ಕೆಲಸಕ್ಕೆ ಒಂದು ಸರಳು. 1974ರಲ್ಲಿ ಬಿಬಿಸಿ ಟಿವಿಯಲ್ಲೇ ಸುದ್ದಿ ಓದೋ 'ಸೀಫ್ಯಾಕ್ಸ್' ಶುರು ಮಾಡ್ತು. ಅದರ ಪುಟಗಳಿಗೆ ಮೂರಂಕಿ ಸಂಖ್ಯೆ, ಅಂದ್ರೆ 0ಯಿಂದ 9ರವರೆಗೂ ಬಟನ್ ಬೇಕು. ಅಷ್ಟು ಸರಳು ಎಲ್ಲಿ ಇಡ್ತೀರ?

💡 ಭಾಗ 3/4

ಹಾಗಾಗಿ ಬೆಳಕು ವಾಪಸ್ ಬಂತು. ಈ ಸಲ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಬಿಸಿಲಲ್ಲಿ ಇನ್‌ಫ್ರಾರೆಡ್ ಬೇಕಾದಷ್ಟಿದೆ, ಮತ್ತೆ ಅದೇ ಗೋಳಲ್ವಾ? ಅಲ್ಲ. ಈಗ ಬೆಳಕಿಗೆ ಒಂದು ಭಾಷೆ ಕಲಿಸಿದ್ರು.

ಒಂದು, ರಿಮೋಟಿನ ಎಲ್‌ಇಡಿ ಸುಮ್ನೆ ಉರಿಯಲ್ಲ, ಸೆಕೆಂಡಿಗೆ ಸುಮಾರು 38,000 ಸಲ ಮಿಟುಕುತ್ತೆ. ರಿಸೀವರ್ ಆ ತಾಳಕ್ಕೆ ಮಾತ್ರ ಕಿವಿಗೊಡುತ್ತೆ. ಸೂರ್ಯ ಹಾಗೆ ಮಿಟುಕಲ್ಲ, ಅವನು ಔಟ್.

ಎರಡು, ಆ ಮಿಟುಕಿನ ಕಂತುಗಳ ನಡುವಿನ ಮೌನದಲ್ಲೇ ಅರ್ಥ ಇರೋದು. ಜಪಾನಿನ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡ್ ಮಿಟುಕು, ಆಮೇಲೆ 4.5 ಮಿಲಿಸೆಕೆಂಡ್ ಮೌನ: "ಕೇಳಿಸ್ಕೋ, ಮಾತಾಡ್ತೀನಿ" ಅಂದಂಗೆ. ನಂತರ 32 ಬಿಟ್. ಮೌನ ಸುಮಾರು 0.56 ಮಿಲಿಸೆಕೆಂಡ್ ಇದ್ರೆ 0, ಸುಮಾರು 1.69 ಇದ್ರೆ 1. ಮೈಕ್ರೋಕಂಟ್ರೋಲರ್ ಮಾಡೋ ಕೆಲಸ ಇಷ್ಟೇ: ಸ್ಟಾಪ್‌ವಾಚ್ ಹಿಡ್ಕೊಂಡು ಮೌನ ಅಳೆಯೋದು.

🧾 ಭಾಗ 4/4

ಕಿಟ್ ಜೊತೆ ಬಂದ ರಿಮೋಟಿನಲ್ಲಿ '1' ಒತ್ತಿದೆ. ಬಂದ ಕ್ರಮದಲ್ಲೇ ಎಂಟೆಂಟು ಬಿಟ್ ಸೇರಿಸಿ ಓದಿದಾಗ ಸಿಕ್ಕಿದ್ದು: 0, 255, 48, 207.

ಬಿಕಾಂ ಮಂದಿ, ಕೂಡಿ ನೋಡಿ. 0+255=255. 48+207=255. ಮೊದಲನೇದು ಯಾವ ಸಾಧನಕ್ಕೆ ಅನ್ನೋ ವಿಳಾಸ, ಮೂರನೇದು ಯಾವ ಬಟನ್. ಎರಡು ಮತ್ತು ನಾಲ್ಕು ಅವುಗಳ ತದ್ವಿರುದ್ಧ ನಕಲು. ಕೂಡಿದಾಗ 255 ಬರ್ಲಿಲ್ಲ ಅಂದ್ರೆ ದಾರೀಲಿ ಏನೋ ಕೆಟ್ಟಿದೆ, ಆ ಸಂದೇಶ ತಿರಸ್ಕಾರ. ನಮ್ಮ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೇ ಇದ್ದಂಗೆ! ಎಂಟ್ರಿಯನ್ನ ಎರಡು ಕಡೆ ಯಾಕೆ ಬರೀಬೇಕು ಅಂತ ಫಸ್ಟ್ ಇಯರ್‌ನಲ್ಲಿ ಗೊಣಗಿದ್ದೆ. ಉತ್ತರ ಸಿಕ್ಕಿದ್ದು ರಿಮೋಟಿನಲ್ಲಿ.

'ರಿಮೋಟಿನ ಜನಕ' ಅನ್ನೋ ಬಿರುದು ಬಹಳ ಕಾಲ ಆಡ್ಲರ್ ಹೆಸರಲ್ಲೇ ಓಡಾಡ್ತಿತ್ತು, ಪಾಲಿಗೆ ಅದು ಬೇಸರದ ವಿಷಯ. 1997ರಲ್ಲಿ ಎಮ್ಮಿ ಪ್ರಶಸ್ತಿ ಬಂದಾಗ ಇಬ್ಬರಿಗೂ ಸೇರಿ ಬಂತು. ಆಡ್ಲರ್ 2007ರಲ್ಲಿ, ಪಾಲಿ 2012ರಲ್ಲಿ 96ನೇ ವಯಸ್ಸಲ್ಲಿ ತೀರ್ಕೊಂಡ್ರು.

ನನಗನಿಸೋದು ಇಷ್ಟು. ಪಾಲಿ ಆರಿಸ್ಕೊಂಡ ಬೆಳಕು ತಪ್ಪಾಗಿರ್ಲಿಲ್ಲ. "ಇದು ನಾನೇ" ಅಂತ ಹೇಳೋ ಭಾಷೆ ಅದಕ್ಕಿನ್ನೂ ಬಂದಿರ್ಲಿಲ್ಲ. ಅಷ್ಟಕ್ಕೇ ಅದು ಒಂದೇ ವರ್ಷದಲ್ಲಿ ಮೂಲೆ ಸೇರ್ತು.

ಈಗ ಒಂದು ಕೆಲಸ ಮಾಡಿ. ಕತ್ತಲಲ್ಲಿ ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟನ್ನ ಅದರ ಕಡೆ ತಿರುಗಿಸಿ ಬಟನ್ ಒತ್ತಿ. ಬಹಳಷ್ಟು ಫೋನಲ್ಲಿ ನೇರಳೆ ಬಣ್ಣದ ಮಿನುಗು ಕಾಣುತ್ತೆ. ಕಂಡ್ರೆ ಕಾಮೆಂಟಲ್ಲಿ ಹೇಳಿ 👇

#ರಿಮೋಟ್‌ಕಥೆ #ಕನ್ನಡದಲ್ಲಿಇತಿಹಾಸ #ಆರ್ಡುಯಿನೊ