ಗೊತ್ತಿದ್ದ ಮದ್ದು, ತಡವಾದ ಮಾತು

ಕೋ-ಟ್ರೈಮಾಕ್ಸಜೋಲ್ ಎಂದರೆ ಬಹಳ ಮಂದಿಗೆ ತಿಳಿಯಲಿಕ್ಕಿಲ್ಲ; ಸೆಪ್ಟ್ರಾನ್ ಎಂದರೆ ಥಟ್ಟನೆ ನೆನಪಾಗುತ್ತದೆ. ಕೆಮ್ಮು, ಭೇದಿ, ಉರಿಮೂತ್ರ ಎಂದು ಆಸ್ಪತ್ರೆಗೆ ಹೋದವರಿಗೆ ಒಂದು ಕಾಲದಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದ ಅಗ್ಗದ ಬಿಳಿ ಮಾತ್ರೆ ಅದು. ಎರಡು ಔಷಧಗಳು ಕೂಡಿದ ಈ ಮಾತ್ರೆ ಬಳಕೆಗೆ ಬಂದದ್ದು 1960ರ ದಶಕದ ಕೊನೆಯಲ್ಲಿ. 1980ರ ದಶಕದಲ್ಲಿ ಅಮೆರಿಕದ ಏಡ್ಸ್ ರೋಗಿಗಳನ್ನು ಸಾಲುಸಾಲಾಗಿ ಬಲಿ ತೆಗೆದುಕೊಂಡ ಒಂದು ಬಗೆಯ ನ್ಯುಮೋನಿಯಾವನ್ನು ತಡೆಯುವ ಶಕ್ತಿ ಇದೇ ಮಾತ್ರೆಗಿತ್ತು. ಆ ಸಂಗತಿ ಏಡ್ಸ್ ಎಂಬ ಹೆಸರು ಹುಟ್ಟುವ ಐದು ವರ್ಷ ಮೊದಲೇ ವೈದ್ಯಲೋಕಕ್ಕೆ ಗೊತ್ತಿತ್ತು. ಆದರೂ ಅದು ಸರಕಾರದ ಸಲಹೆಯಾಗಿ ರೋಗಿಗಳನ್ನು ತಲುಪಿದ್ದು 1989ರಲ್ಲಿ. ಈ ತಡ ಹೇಗೆ ಉಂಟಾಯಿತು ಎಂಬುದು ವೈದ್ಯಕೀಯ ಇತಿಹಾಸದ ನೋವಿನ ಅಧ್ಯಾಯಗಳಲ್ಲಿ ಒಂದು.

ರೋಗಾಣುವಿನ ಕಥೆ ಆರಂಭವಾಗುವುದು ಬ್ರೆಜಿಲ್‌ನಲ್ಲಿ. 1909ರಲ್ಲಿ ಅಲ್ಲಿನ ವಿಜ್ಞಾನಿ ಕಾರ್ಲೋಸ್ ಶಾಗಸ್ ಗಿನಿಹಂದಿಗಳ ಶ್ವಾಸಕೋಶದಲ್ಲಿ ಪುಟ್ಟ ಚೀಲಗಳಂಥ ಆಕೃತಿಗಳನ್ನು ಕಂಡರು. ತಾವು ಆಗ ಅಭ್ಯಸಿಸುತ್ತಿದ್ದ ಟ್ರಿಪನೊಸೋಮ ಎಂಬ ಪರಾವಲಂಬಿಯ ಬೆಳವಣಿಗೆಯ ಒಂದು ಹಂತ ಇದು ಎಂದು ಅವರು ಭಾವಿಸಿದರು. ಮರುವರ್ಷ ಸಾವೊ ಪಾಲೊದಲ್ಲಿದ್ದ ಇಟಲಿಯ ಅಂಟೋನಿಯೊ ಕರೀನಿ ಇಲಿಗಳಲ್ಲೂ ಅದನ್ನೇ ಕಂಡರು. ತಪ್ಪು ತಿದ್ದಿದವರು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಡೆಲನೋಯೆ ದಂಪತಿ. ಟ್ರಿಪನೊಸೋಮದ ಸುಳಿವೇ ಇಲ್ಲದ ಪ್ಯಾರಿಸ್ಸಿನ ಚರಂಡಿ ಇಲಿಗಳಲ್ಲೂ ಈ ಚೀಲಗಳಿದ್ದುದನ್ನು ನೋಡಿದ ಅವರು, ಇದು ಬೇರೆಯೇ ಜೀವಿ ಎಂದು 1912ರಲ್ಲಿ ಸಾರಿದರು. ಕರೀನಿಯವರ ಗೌರವಾರ್ಥ ಅದಕ್ಕೆ ನ್ಯುಮೋಸಿಸ್ಟಿಸ್ ಕರೀನಿ ಎಂದು ಹೆಸರಿಟ್ಟರು.

ಇಲಿಯ ಕಾಯಿಲೆ ಎಂದು ಹಲವು ವರ್ಷ ಯಾರೂ ಇದನ್ನು ಹೆಚ್ಚು ಗಮನಿಸಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಅನಾಥಾಲಯಗಳಲ್ಲಿ, ದಿನ ತುಂಬದೆ ಹುಟ್ಟಿದ, ಹೊಟ್ಟೆಗಿಲ್ಲದೆ ಸೊರಗಿದ ಹಸುಗೂಸುಗಳು ವಿಚಿತ್ರ ನ್ಯುಮೋನಿಯಾದಿಂದ ಸಾಯತೊಡಗಿದವು. ಆ ಶಿಶುಗಳ ಶ್ವಾಸಕೋಶದಲ್ಲಿರುವುದು ಇದೇ ಜೀವಿ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಚೆಕೊಸ್ಲೊವಾಕಿಯದ ಯೋಸೆಫ್ ವಾನೆಕ್ ಮತ್ತು ಒಟ್ಟೊ ಯೀರೊವೆಟ್ಸ್. ಮನುಷ್ಯನಲ್ಲಿ ಬೆಳೆಯುವ ಬಗೆ ಇಲಿಯದಕ್ಕಿಂತ ಬೇರೆ ಎಂದು ಖಚಿತವಾದ ಮೇಲೆ ಅದಕ್ಕೆ ಯೀರೊವೆಟ್ಸ್ ಅವರ ಹೆಸರೇ ಸಂದಿತು.

ಇದರ ಕುಲವೂ ಬಹುಕಾಲ ತಪ್ಪಾಗಿಯೇ ಇತ್ತು. ಮಲೇರಿಯಾ ರೋಗಾಣುವಿನಂತೆ ಇದೂ ಒಂದು ಏಕಕೋಶ ಪ್ರಾಣಿ ಎಂದು ನಂಬಲಾಗಿತ್ತು. 1988ರಲ್ಲಿ ಇದರ ತಳಿಸಾಮಗ್ರಿಯನ್ನು ಪರೀಕ್ಷಿಸಿದಾಗ ಇದು ಶಿಲೀಂಧ್ರ, ಅಂದರೆ ಅಣಬೆ, ಬೂಷ್ಟುಗಳ ದೂರದ ನಂಟ ಎಂದು ತಿಳಿಯಿತು. ಆದರೆ ಶಿಲೀಂಧ್ರಗಳನ್ನು ಕೊಲ್ಲುವ ಆಂಫೊಟೆರಿಸಿನ್‌ನಂಥ ಔಷಧಕ್ಕೆ ಇದು ಬಗ್ಗುವುದಿಲ್ಲ. ಆ ಔಷಧ ಗುರಿಯಿಡುವ ಎರ್ಗೊಸ್ಟೆರಾಲ್ ಎಂಬ ಜಿಡ್ಡು ಇದರ ಪೊರೆಯಲ್ಲಿಲ್ಲ.

ಈ ಶಿಲೀಂಧ್ರ ಅಪರೂಪದ್ದೇನಲ್ಲ. ಗಾಳಿಯ ಮೂಲಕ ಹರಡುವ ಇದರ ಸಂಪರ್ಕಕ್ಕೆ ನಮ್ಮಲ್ಲಿ ಹೆಚ್ಚಿನವರು ಎಳವೆಯಲ್ಲೇ ಬಂದಿರುತ್ತೇವೆ. ದೇಹದ ಕಾವಲುಪಡೆ ಗಟ್ಟಿಯಾಗಿರುವವರೆಗೆ ಅದರಿಂದ ತೊಂದರೆಯಿಲ್ಲ. ಎಚ್‌ಐವಿ ವೈರಸ್ ನಾಶಮಾಡುವುದು ಈ ಕಾವಲುಪಡೆಯ ಮುಂದಾಳುಗಳಾದ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು 200ಕ್ಕಿಂತ ಕೆಳಗಿಳಿದರೆ ಶಿಲೀಂಧ್ರಕ್ಕೆ ತಡೆಯೇ ಇಲ್ಲದಂತಾಗುತ್ತದೆ. ಒಣಕೆಮ್ಮು, ಸಣ್ಣ ಜ್ವರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು - ಹೀಗೆ ವಾರಗಟ್ಟಲೆ ನಿಧಾನವಾಗಿ ಕಾಯಿಲೆ ಏರುತ್ತದೆ. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳಲ್ಲಿ ನೊರೆಯಂಥ ವಸ್ತು ತುಂಬಿಕೊಂಡು, ಉಸಿರಾಡುತ್ತಿದ್ದರೂ ರಕ್ತಕ್ಕೆ ಆಮ್ಲಜನಕ ಸೇರದಂತಾಗುತ್ತದೆ.

ಏಡ್ಸ್ ಬರುವ ಮೊದಲು ಈ ನ್ಯುಮೋನಿಯಾ ಅಮೆರಿಕದಲ್ಲಿ ಕಾಣಿಸುತ್ತಿದ್ದುದು ಮುಖ್ಯವಾಗಿ ಕ್ಯಾನ್ಸರ್ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದ ಮಕ್ಕಳಲ್ಲಿ. ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ವಾಲ್ಟರ್ ಹ್ಯೂಸ್, ರೋಗ ಬಂದ ಮೇಲೆ ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯಬಹುದೇ ಎಂದು ಯೋಚಿಸಿದರು. 160 ರೋಗಿಗಳನ್ನು ಎರಡು ಗುಂಪು ಮಾಡಿ, 80 ಮಂದಿಗೆ ಕೋ-ಟ್ರೈಮಾಕ್ಸಜೋಲ್, ಉಳಿದ 80 ಮಂದಿಗೆ ಔಷಧವಿಲ್ಲದ ಹುಸಿ ಮದ್ದು ಕೊಟ್ಟರು. ಹುಸಿ ಮದ್ದಿನ ಗುಂಪಿನಲ್ಲಿ 17 ಮಂದಿಗೆ ನ್ಯುಮೋನಿಯಾ ತಗಲಿತು. ಔಷಧ ಪಡೆದವರಲ್ಲಿ ಒಬ್ಬರಿಗೂ ಇಲ್ಲ. ಈ ಫಲಿತಾಂಶ 1977ರಲ್ಲಿ ಪ್ರಕಟವಾಯಿತು.

ನಾಲ್ಕು ವರ್ಷಗಳ ನಂತರ ಅಟ್ಲಾಂಟಾ ನಗರದ ರೋಗ ನಿಯಂತ್ರಣ ಕೇಂದ್ರದಲ್ಲಿ ಸ್ಯಾಂಡ್ರಾ ಫೋರ್ಡ್ ಎಂಬ ಉದ್ಯೋಗಿಗೆ ಒಂದು ಅನುಮಾನ ಬಂತು. ಈ ನ್ಯುಮೋನಿಯಾಕ್ಕೆ ಕೊಡುತ್ತಿದ್ದ ಇನ್ನೊಂದು ಔಷಧ ಪೆಂಟಮಿಡಿನ್. ಅದು ಅಮೆರಿಕದಲ್ಲಿ ಆ ಕೇಂದ್ರದಿಂದ ಮಾತ್ರ ಸಿಗುತ್ತಿತ್ತು. ಬೇಡಿಕೆಗಳನ್ನು ನೋಡಿಕೊಳ್ಳುವುದು ಆಕೆಯ ಕೆಲಸ. ಕ್ಯಾನ್ಸರ್ ಇಲ್ಲದ, ಬೇರೆ ಕಾರಣವೂ ಕಾಣದ ತರುಣರಿಗೆಂದು ನ್ಯೂಯಾರ್ಕಿನಿಂದ ಮೇಲಿಂದ ಮೇಲೆ ಬೇಡಿಕೆ ಬರುತ್ತಿದ್ದುದನ್ನು ಆಕೆ ಮೇಲಧಿಕಾರಿಗಳ ಗಮನಕ್ಕೆ ತಂದಳು. 1981ರ ಜೂನ್ 5ರಂದು ಆ ಕೇಂದ್ರದ ವಾರಪತ್ರದಲ್ಲಿ, ಲಾಸ್ ಏಂಜಲೀಸ್‌ನ ಮೈಕೆಲ್ ಗಾಟ್ಲೀಬ್ ಮತ್ತು ಸಂಗಡಿಗರ ವರದಿ ಪ್ರಕಟವಾಯಿತು. 29ರಿಂದ 36 ವರ್ಷದ ಐವರು ಸಲಿಂಗಕಾಮಿ ಪುರುಷರಿಗೆ ಈ ನ್ಯುಮೋನಿಯಾ ತಗಲಿತ್ತು. ಇಬ್ಬರು ಆಗಲೇ ತೀರಿಕೊಂಡಿದ್ದರು. ಏಡ್ಸ್ ಕುರಿತ ಮೊದಲ ವೈದ್ಯಕೀಯ ವರದಿ ಇದೇ.

ಮುಂದಿನ ವರ್ಷಗಳಲ್ಲಿ ಏಡ್ಸ್ ರೋಗಿಗಳ ಪೈಕಿ ಸುಮಾರು ಮುಕ್ಕಾಲು ಪಾಲು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಈ ನ್ಯುಮೋನಿಯಾ ಬಂತು. ಎಚ್‌ಐವಿಗೆ ಆಗ ಮದ್ದಿರಲಿಲ್ಲ, ನಿಜ. ಆದರೆ ನ್ಯುಮೋನಿಯಾವನ್ನು ತಡೆದಿದ್ದರೆ ಬದುಕು ಒಂದಷ್ಟು ಕಾಲ ಮುಂದುವರಿಯುತ್ತಿತ್ತು. ನ್ಯೂಯಾರ್ಕಿನ ವೈದ್ಯ ಜೋಸೆಫ್ ಸೊನಬೆಂಡ್ ಹ್ಯೂಸರ ಪ್ರಯೋಗವನ್ನು ನೆನಪಿಟ್ಟುಕೊಂಡು ತಮ್ಮ ರೋಗಿಗಳಿಗೆ ಈ ಮಾತ್ರೆಯನ್ನು ಮುಂಜಾಗ್ರತೆಯಾಗಿ ಕೊಡತೊಡಗಿದ್ದರು. ಎಲ್ಲ ವೈದ್ಯರೂ ಹಾಗೆ ಮಾಡಲಿಲ್ಲ; ಸರಕಾರದಿಂದ ಸೂಚನೆಯೂ ಇರಲಿಲ್ಲ.

ಸೊನಬೆಂಡರ ರೋಗಿಗಳಲ್ಲಿ ಮೈಕೆಲ್ ಕ್ಯಾಲೆನ್ ಎಂಬ ಗಾಯಕರೊಬ್ಬರಿದ್ದರು. 1987ರ ಮೇ ತಿಂಗಳಲ್ಲಿ ಅವರು ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಆಂಥೊನಿ ಫೌಚಿಯವರನ್ನು ಕಂಡು, ಈ ಮುಂಜಾಗ್ರತೆಯನ್ನು ಎಲ್ಲ ವೈದ್ಯರಿಗೂ ಶಿಫಾರಸು ಮಾಡಿರೆಂದು ಕೇಳಿಕೊಂಡರು. ಏಡ್ಸ್ ರೋಗಿಗಳಲ್ಲೇ ನಡೆಸಿದ ಪ್ರಯೋಗದ ಆಧಾರ ಬೇಕೆಂಬ ಕಾರಣಕ್ಕೆ ಆ ಕೋರಿಕೆ ಈಡೇರಲಿಲ್ಲ. ಈ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಒಗ್ಗಿದ್ದು ಏಡ್ಸ್ ಪೀಡಿತ ವಯಸ್ಕರಿಗೆ ಒಗ್ಗಬೇಕೆಂದಿಲ್ಲ. ಮಾತ್ರೆಯಲ್ಲಿರುವ ಸಲ್ಫಾ ಅಂಶದಿಂದ ಏಡ್ಸ್ ರೋಗಿಗಳಿಗೆ ಜ್ವರ, ಮೈಮೇಲೆ ಗಂಧೆ ಏಳುವುದು ಹೆಚ್ಚಾಗಿಯೂ ಇತ್ತು. ಆದರೆ ಆಧಾರ ಬೇಕೆಂದವರು ಅದನ್ನು ಒದಗಿಸುವ ಪ್ರಯೋಗಗಳಿಗೆ ಅವಸರಪಡಲಿಲ್ಲ ಎಂಬುದು ಕ್ಯಾಲೆನ್ ಅವರ ಮುಖ್ಯ ಆಕ್ಷೇಪ. ಕೊನೆಗೆ ರೋಗಿಗಳು ಮತ್ತು ಬಡಾವಣೆಗಳ ವೈದ್ಯರು ತಾವೇ ಕೂಡಿ ಪೆಂಟಮಿಡಿನ್ ಆವಿಯ ಪ್ರಯೋಗಗಳಿಗೆ ಮುಂದಾದರು. ಸಿಡಿ4 ಕಣಗಳು 200ಕ್ಕಿಂತ ಕಡಿಮೆ ಇರುವವರಿಗೆಲ್ಲ ಮುಂಜಾಗ್ರತೆಯ ಔಷಧ ಕೊಡಬೇಕೆಂಬ ಸರಕಾರಿ ಮಾರ್ಗಸೂಚಿ ಹೊರಬಿದ್ದದ್ದು 1989ರ ಜೂನ್‌ನಲ್ಲಿ. ನಡುವಿನ ಎರಡು ವರ್ಷಗಳಲ್ಲಿ ಈ ನ್ಯುಮೋನಿಯಾದಿಂದ ಸತ್ತವರು ಸುಮಾರು 17 ಸಾವಿರ ಎಂದು ಕ್ಯಾಲೆನ್ ಲೆಕ್ಕ ಹಾಕಿದ್ದರು. 1993ರ ಕೊನೆಯಲ್ಲಿ ಅವರೂ ಏಡ್ಸ್‌ಗೆ ಬಲಿಯಾದರು. ಎಚ್‌ಐವಿಯನ್ನೇ ಹತ್ತಿಕ್ಕುವ ಔಷಧಗಳ ಸಂಯೋಜನೆ ಬಳಕೆಗೆ ಬಂದದ್ದು 1996ರಲ್ಲಿ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ನಮ್ಮಲ್ಲಿ ಎಚ್‌ಐವಿ ಪೀಡಿತರನ್ನು ಹೆಚ್ಚಾಗಿ ಕಾಡಿದ್ದು ಕ್ಷಯ. ಈ ಶಿಲೀಂಧ್ರವನ್ನು ಪತ್ತೆಹಚ್ಚಲು ಶ್ವಾಸಕೋಶದ ಆಳದಿಂದ ದ್ರವ ತೆಗೆದು ವಿಶೇಷ ಬಣ್ಣ ಹಾಕಿ ನೋಡಬೇಕಾದ್ದರಿಂದ ಅದು ಕಣ್ಣು ತಪ್ಪಿಸಿಕೊಳ್ಳುವುದೂ ಉಂಟು. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಸರಕಾರ ಎಚ್‌ಐವಿಗೆ ಉಚಿತ ಔಷಧ ಕೊಡಲು ಆರಂಭಿಸಿತು. ಸಿಡಿ4 ಕಣಗಳು ಕುಸಿದವರಿಗೆ ವೈದ್ಯರು ಈಗ ಎಚ್‌ಐವಿ ಔಷಧದ ಜೊತೆಗೆ ಕೋ-ಟ್ರೈಮಾಕ್ಸಜೋಲನ್ನೂ ಬರೆದುಕೊಡುತ್ತಾರೆ. ಕಣಗಳು ಚೇತರಿಸಿಕೊಂಡ ಮೇಲೆ ವೈದ್ಯರೇ ಅದನ್ನು ನಿಲ್ಲಿಸುತ್ತಾರೆ.

ಇಷ್ಟಾದರೂ ಈ ನ್ಯುಮೋನಿಯಾ ಮಾಯವಾಗಿಲ್ಲ. ತನಗೆ ಎಚ್‌ಐವಿ ಇದೆ ಎಂಬುದೇ ತಿಳಿಯದೆ, ಅಥವಾ ನಾಲ್ಕು ಜನ ಏನೆಂದಾರೋ ಎಂದು ಪರೀಕ್ಷೆಗೆ ಹೋಗದೆ ಉಳಿದವರನ್ನು ಅದು ಈಗಲೂ ಹಿಡಿಯುತ್ತದೆ. ಅಂದು ಅಮೆರಿಕದಲ್ಲಿ ಮಾತ್ರೆ ಇದ್ದೂ ಮಾತು ಹೊರಡಲಿಲ್ಲ. ಇಂದು ಮಾತ್ರೆಯೂ ಇದೆ, ಮಾತೂ ಹೊರಟಿದೆ. ಉಸಿರು ಕಟ್ಟುವ ಮೊದಲೇ ಜನ ಅಂಜದೆ ಪರೀಕ್ಷೆಗೆ ಬರುವಂತಾಗುವುದೊಂದು ಬಾಕಿ.